ಶಾಲೆಯ ಬಾಗಿಲಲ್ಲಿ ಗಣಕವಿದ್ಯೆ

ಒಂದೊಂದು ಕಾಲಕ್ಕೂ ಅದರದೇ ಆದ ಅಕ್ಷರಾಭ್ಯಾಸವುಂಟು. ಮರಳಿನ ಮೇಲೆ ಬೆರಳಿನಿಂದ ತಿದ್ದಿ ಓದುಬರಹ ಕಲಿತವನನ್ನು ನಮ್ಮ ಹಿರಿಯರು ಅಕ್ಷರಸ್ಥನೆಂದರು. ಮಗ್ಗಿಯೂ ಲೆಕ್ಕವೂ ಜೊತೆಗೂಡಿದರೆ ಅವನು ಶಾನುಭೋಗಿಕೆಗೂ ವ್ಯಾಪಾರಕ್ಕೂ ಸಲ್ಲುವವನಾಗುತ್ತಿದ್ದನು. ಇಂದು ಮೂರನೆಯದೊಂದು ವಿದ್ಯೆ ಶಾಲೆಯ ಬಾಗಿಲಿಗೆ ಬಂದು ನಿಂತಿದೆ. ಅದೇ ಗಣಕವಿದ್ಯೆ. ಹೊಲದ ಪಹಣಿ, ಪಡಿತರದ ಚೀಟಿ, ಬ್ಯಾಂಕಿನ ಲೆಕ್ಕ, ಮಗುವಿನ ಪರೀಕ್ಷೆಯ ಫಲಿತಾಂಶ ಇವೆಲ್ಲವೂ ಈಗ ಕಂಪ್ಯೂಟರಿನ ಮೂಲಕವೇ ನಮ್ಮ ಕೈಸೇರುತ್ತವೆ. ಹೀಗಿರುವಾಗ ಆ ಯಂತ್ರದ ಒಳಗಿನ ನಡೆಯನ್ನು ತಿಳಿಯುವ ಅವಕಾಶ ಪಟ್ಟಣದ ಕೆಲವು ಮಕ್ಕಳಿಗೆ ಮಾತ್ರ ದೊರೆತು, ಹಳ್ಳಿಯ ಕನ್ನಡ ಶಾಲೆಯ ಮಗು ಬಾಗಿಲ ಹೊರಗೇ ನಿಲ್ಲುವುದಾದರೆ, ಅದು ಒಂದು ವಿಷಯದ ಕೊರತೆಯೆಂದು ಸುಮ್ಮನಿರುವಂತಹ ಸಂಗತಿಯಲ್ಲ. ಅಕ್ಷರ ಬಲ್ಲವರು, ಬಾರದವರು ಎಂಬ ಹಳೆಯ ಭೇದವೇ ಹೊಸ ವೇಷದಲ್ಲಿ ಮರಳಿ ಬಂದಂತಾಗುವುದು.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಯಂತ್ರವನ್ನು ಬಳಸಬಲ್ಲವರೆಲ್ಲ ಗಣಕವಿದ್ಯೆಯನ್ನು ಬಲ್ಲವರಲ್ಲ. ಪಂಚಾಂಗವನ್ನು ತೆರೆದು ತಿಥಿ ನಕ್ಷತ್ರಗಳನ್ನು ಓದಿಹೇಳುವವನಿಗೂ ಪಂಚಾಂಗವನ್ನು ಗಣಿಸಿ ಬರೆಯಬಲ್ಲವನಿಗೂ ಎಷ್ಟು ಅಂತರವುಂಟೋ, ಇಲ್ಲಿಯೂ ಅಷ್ಟೇ ಅಂತರವಿದೆ. ಇಂಗ್ಲೆಂಡಿನವರು ಈ ಸತ್ಯವನ್ನು ತಡವಾಗಿ ಮನಗಂಡರು. ಅಲ್ಲಿನ ಶಾಲೆಗಳಲ್ಲಿ ಬಹುಕಾಲ ನಡೆದದ್ದು ಪತ್ರ ಬರೆಯುವ, ಪಟ್ಟಿ ತಯಾರಿಸುವ ಪಾಠ. ೨೦೧೨ರಲ್ಲಿ ರಾಯಲ್ ಸೊಸೈಟಿಯು ಈ ವಿಷಯದಲ್ಲಿ ಒಂದು ಎಚ್ಚರಿಕೆಯ ವರದಿಯನ್ನು ಪ್ರಕಟಿಸಿತು. ೨೦೧೪ರಿಂದ ಐದು ವರ್ಷದ ಮಗುವಿನಿಂದಲೇ ತೊಡಗುವಂತೆ ‘ಕಂಪ್ಯೂಟಿಂಗ್’ ಎಂಬ ಹೊಸ ಪಠ್ಯಕ್ರಮ ಜಾರಿಗೆ ಬಂದಿತು. ಆದರೆ ವಿಧಿಸಿದ ಮಾತ್ರಕ್ಕೆ ವಿದ್ಯೆ ಹರಡಲಿಲ್ಲ. ಅದೇ ಸೊಸೈಟಿಯು ೨೦೧೭ರಲ್ಲಿ ಮತ್ತೆ ಪರಿಶೀಲಿಸಿದಾಗ, ಅಲ್ಲಿನ ಅರ್ಧಕ್ಕಿಂತ ಹೆಚ್ಚು ಪ್ರೌಢಶಾಲೆಗಳು ಹದಿನಾರರ ವಯಸ್ಸಿನ ಪರೀಕ್ಷೆಗೆ ಈ ವಿಷಯವನ್ನು ಇಟ್ಟಿರಲೇ ಇಲ್ಲ. ಪರೀಕ್ಷೆಗೆ ಕುಳಿತವರಲ್ಲಿ ಹೆಣ್ಣುಮಕ್ಕಳು ಐವರಿಗೊಬ್ಬರಂತೆ ಇದ್ದರು. ಕಲಿಸಬಲ್ಲ ಅಧ್ಯಾಪಕರು ಸಾಲದಿದ್ದುದೇ ಇದರ ದೊಡ್ಡ ಕಾರಣ. ಹಣವಂತ ನಾಡಿನ ಪಾಡೇ ಹೀಗಿರುವಾಗ ನಾವು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಈ ವಿದ್ಯೆಯ ತಿರುಳೇನು? ಒಂದು ಕೆಲಸವನ್ನು ಸಂದಿಗ್ಧಕ್ಕೆ ಎಡೆಯಿಲ್ಲದ ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ, ಅರಿವಿಲ್ಲದ ಯಂತ್ರವೂ ತಪ್ಪದೆ ನಡೆಸುವಂತೆ ಹೇಳುವುದೇ ಇದರ ತಿರುಳು. ಇಂತಹ ವಿಧಿಗೆ ‘ಅಲ್ಗಾರಿದಮ್’ ಎಂದು ಹೆಸರು. ಭಾರತದ ಅಂಕಿಗಳ ಲೆಕ್ಕವನ್ನು ಅರಬ್ಬಿಯಲ್ಲಿ ವಿವರಿಸಿದ ಒಂಬತ್ತನೆಯ ಶತಮಾನದ ಅಲ್ ಖ್ವಾರಿಜ್ಮಿಯ ಹೆಸರಿನಿಂದ ಆ ಮಾತು ಹುಟ್ಟಿತು. ಇದು ನಮ್ಮ ಮಕ್ಕಳಿಗೆ ತೀರ ಅಪರಿಚಿತವಾದುದೇನೂ ಅಲ್ಲ. ಪ್ರೌಢಶಾಲೆಯ ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕುವ ಹುಡುಗನನ್ನು ನೋಡಿರಿ. ಹ್ರಸ್ವಾಕ್ಷರ ಲಘು, ದೀರ್ಘಾಕ್ಷರ ಗುರು, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದು ಗುರು, ವ್ಯಂಜನದಲ್ಲಿ ಮುಗಿಯುವುದು ಗುರು, ಒತ್ತಕ್ಷರದ ಹಿಂದಿನದು ಗುರು. ಈ ನಿಯಮಗಳನ್ನು ಅವನು ಒಂದೊಂದು ಅಕ್ಷರಕ್ಕೂ ಕ್ರಮವಾಗಿ ಅನ್ವಯಿಸುತ್ತ ಸಾಗುತ್ತಾನೆ. ಯಂತ್ರವು ಮಾಡುವುದೂ ಇದನ್ನೇ.

ಯಮಾತಾರಾಜಭಾನಸಲಗಂ ಎಂಬ ಸೂತ್ರವನ್ನು ಬಾಯಿಪಾಠ ಮಾಡದ ಕನ್ನಡ ವಿದ್ಯಾರ್ಥಿಯಿಲ್ಲ. ಮೂರಕ್ಷರದ ಗಣಗಳು ಎಂಟೇ ಏಕೆ, ಏಳು ಅಥವಾ ಒಂಬತ್ತು ಏಕಲ್ಲ ಎಂದು ಮಾತ್ರ ನಾವು ಕೇಳುವುದು ಕಡಮೆ. ಒಂದೊಂದು ಸ್ಥಾನದಲ್ಲಿ ಲಘು ಅಥವಾ ಗುರು ಎಂಬ ಎರಡೇ ಆಯ್ಕೆಗಳಿರುವುದರಿಂದ, ಎರಡನ್ನು ಮೂರು ಸಲ ಗುಣಿಸಿದಾಗ ಎಂಟು ರೂಪಗಳು ದೊರೆಯುತ್ತವೆ. ನಾಲ್ಕು ಅಕ್ಷರಕ್ಕೆ ಹದಿನಾರು, ಐದಕ್ಕೆ ಮೂವತ್ತೆರಡು, ಗಾಯತ್ರಿಯ ಆರು ಅಕ್ಷರಕ್ಕೆ ಅರುವತ್ತನಾಲ್ಕು. ಲಘುವಿನ ಸ್ಥಾನದಲ್ಲಿ ಸೊನ್ನೆಯನ್ನೂ ಗುರುವಿನ ಸ್ಥಾನದಲ್ಲಿ ಒಂದನ್ನೂ ಬರೆದರೆ, ಕಂಪ್ಯೂಟರು ತನ್ನೊಳಗೆ ಎಲ್ಲವನ್ನೂ ಬರೆದಿಟ್ಟುಕೊಳ್ಳುವ ಎರಡಂಕಿಯ ಪದ್ಧತಿಯು ಕಣ್ಣ ಮುಂದೆ ನಿಲ್ಲುತ್ತದೆ. ಇದರಿಂದ ನಮ್ಮ ಪೂರ್ವಿಕರು ಗಣಕಯಂತ್ರವನ್ನು ಕಂಡುಹಿಡಿದಿದ್ದರೆಂದು ಯಾರೂ ಬೀಗಬೇಕಾಗಿಲ್ಲ. ಹೊಸ ವಿದ್ಯೆಗೆ ಏರಲು ಮಗುವಿನ ಬಳಿ ಒಂದು ಮೆಟ್ಟಿಲು ಆಗಲೇ ಇದೆಯೆಂದಷ್ಟೇ ನಾವು ತಿಳಿದರೆ ಸಾಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕಂದಪದ್ಯದ ಲಕ್ಷಣವನ್ನು ಯಂತ್ರವು ಪರೀಕ್ಷಿಸುವಂತೆ ಮಾಡು ಎಂದು ಹತ್ತನೆಯ ತರಗತಿಯ ಹುಡುಗಿಗೆ ಹೇಳಿರೆನ್ನಿ. ಮೊದಲ ಮತ್ತು ಮೂರನೆಯ ಪಾದಗಳಲ್ಲಿ ಮೂರು ಮೂರು, ಎರಡು ಮತ್ತು ನಾಲ್ಕನೆಯವುಗಳಲ್ಲಿ ಐದೈದು, ಹೀಗೆ ನಾಲ್ಕು ಮಾತ್ರೆಯ ಹದಿನಾರು ಗಣಗಳು. ಪೂರ್ವಾರ್ಧ ಉತ್ತರಾರ್ಧಗಳ ವಿಷಮಸ್ಥಾನದಲ್ಲಿ ಜಗಣ ಬರಕೂಡದು. ಆರನೆಯದು ಜಗಣ ಅಥವಾ ಸರ್ವಲಘುವಾಗಿರಬೇಕು. ಅರ್ಧದ ಕೊನೆಯಲ್ಲಿ ಗುರು ಬರಬೇಕು. ಆಕೆ ಇದನ್ನೆಲ್ಲ ಹೆಜ್ಜೆಹೆಜ್ಜೆಯಾಗಿ ಬರೆದು ಮುಗಿಸುವ ವೇಳೆಗೆ ಛಂದಸ್ಸೂ ಮನಸ್ಸಿನಲ್ಲಿ ನಿಂತಿರುವುದು, ಗಣಕವಿದ್ಯೆಯೂ ಕೈಹತ್ತಿರುವುದು. ನಡುವೆ ಶಿಥಿಲದ್ವಿತ್ವವೊಂದು ಅಡ್ಡಬಂದು, ಒತ್ತಕ್ಷರದ ಹಿಂದಿನದು ಇಲ್ಲಿ ಲಘುವೋ ಗುರುವೋ ಎಂಬ ಪ್ರಶ್ನೆ ಏಳುತ್ತದೆ. ಕಿವಿಯುಳ್ಳ ಮನುಷ್ಯನು ಉಚ್ಚಾರಣೆಯಿಂದ ನಿರ್ಣಯಿಸುವುದನ್ನು ಯಂತ್ರಕ್ಕೆ ಹೇಳಿಕೊಡುವುದು ಹೇಗೆ? ವಿಧಿಯ ಬಲವೆಲ್ಲಿ, ವಿಧಿಯ ಮಿತಿಯೆಲ್ಲಿ ಎಂಬ ಅರಿವು ಮಗುವಿಗೆ ಮೂಡುವುದು ಇಂತಹ ಎಡೆಯಲ್ಲಿಯೇ.

ನಮ್ಮ ದೇಶದಲ್ಲಿ ಶಾಲೆಗೆ ಕಂಪ್ಯೂಟರು ಬಂದು ನಾಲ್ಕು ದಶಕಗಳು ಕಳೆದಿವೆ. ೧೯೮೪-೮೫ರಲ್ಲಿ ಕೇಂದ್ರ ಸರಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬ್ರಿಟನ್ನಿನಲ್ಲಿ ರೂಪುಗೊಂಡ ಬಿಬಿಸಿ ಮೈಕ್ರೋ ಎಂಬ ಪುಟ್ಟ ಯಂತ್ರಗಳು ಮೊದಲು ಸುಮಾರು ೨೫೦ ಶಾಲೆಗಳನ್ನು ಸೇರಿದವು. ಅದು ಸಾಹಸದ ಆರಂಭವೇ ಸರಿ. ಆದರೆ ಯಂತ್ರ ಮಾತನಾಡುತ್ತಿದ್ದುದು ಇಂಗ್ಲಿಷನ್ನು. ಅದರ ಅನಂತರ ೨೦೦೪ರಲ್ಲಿ ಶಾಲೆಗಳಿಗಾಗಿ ಮತ್ತೊಂದು ಕೇಂದ್ರಯೋಜನೆ ಬಂದಿತು. ಕರ್ನಾಟಕದಲ್ಲಿಯೂ ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸುಮಾರು ಒಂದು ಸಾವಿರ ಸರಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರು ಕಲಿಕೆ ನಡೆಯಿತು; ಯಂತ್ರವನ್ನೂ ಬೋಧಕರನ್ನೂ ಒಪ್ಪಂದದ ಮೇಲೆ ಖಾಸಗಿ ಸಂಸ್ಥೆಗಳು ಒದಗಿಸಿದವು. ಇಂತಹ ವ್ಯವಸ್ಥೆಯ ಗುಣವೂ ದೋಷವೂ ಒಂದೇ ಕಡೆ ಇವೆ. ಕೆಲಸ ಬೇಗನೆ ತೊಡಗುತ್ತದೆ. ಒಪ್ಪಂದ ಮುಗಿದಾಗ ವಿದ್ಯೆಯೂ ಬೋಧಕನ ಜೊತೆಯಲ್ಲಿ ಹೊರಟುಹೋಗುತ್ತದೆ. ಶಾಲೆಯ ಅಧ್ಯಾಪಕನಲ್ಲಿ ನೆಲೆಗೊಳ್ಳದ ವಿದ್ಯೆ ಶಾಲೆಯಲ್ಲಿಯೂ ನೆಲೆಗೊಳ್ಳಲಾರದು.

ನೆರೆಯ ಕೇರಳವು ಬೇರೆಯ ದಾರಿಯನ್ನು ಹಿಡಿಯಿತು. ೨೦೦೧ರಲ್ಲಿ ಅಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭವಾಯಿತು. ಹೊರಗಿನ ಬೋಧಕರನ್ನು ಕರೆತರುವ ಬದಲು, ಗಣಿತವನ್ನೋ ಸಮಾಜಶಾಸ್ತ್ರವನ್ನೋ ಕಲಿಸುತ್ತಿದ್ದ ಶಾಲೆಯ ಅಧ್ಯಾಪಕರಿಗೇ ತರಬೇತಿಯಿತ್ತು, ಅವರಲ್ಲಿಯೇ ಕೆಲವರನ್ನು ಇತರರಿಗೆ ಗುರುಗಳನ್ನಾಗಿ ಮಾಡಿದರು. ಕೆಲವು ವರ್ಷಗಳಲ್ಲಿ ಯಾರಿಗೂ ಪರವಾನಗಿಯ ಹಣ ತೆರಬೇಕಿಲ್ಲದ ಮುಕ್ತ ತಂತ್ರಾಂಶವನ್ನು ಅಂಗೀಕರಿಸಿ, ಅದನ್ನು ಶಾಲೆಯ ಅಗತ್ಯಕ್ಕೆ ತಕ್ಕಂತೆ ತಾವೇ ತಿದ್ದಿಕೊಂಡರು. ೨೦೧೭ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸಂಸ್ಥೆಯಾಯಿತು. ೨೦೧೮ರಲ್ಲಿ ೪೫,೦೦೦ ತರಗತಿಕೋಣೆಗಳನ್ನು ಸಜ್ಜುಗೊಳಿಸುವ ಕಾರ್ಯ ಆರಂಭವಾಯಿತು; ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಕೂಟಗಳೂ ಅದೇ ವರ್ಷ ಹುಟ್ಟಿದವು. ೨೦೨೪ರಲ್ಲಿ ಏಳನೆಯ ತರಗತಿಯ ಪಠ್ಯದಲ್ಲಿ ಕೃತಕ ಬುದ್ಧಿಮತ್ತೆಯ ಪರಿಚಯವೂ ಸೇರಿತು.

ಕನ್ನಡಿಗರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ರಾಜ್ಯದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷುಗಳಲ್ಲದೆ ತಮಿಳು ಕನ್ನಡಗಳಲ್ಲಿಯೂ ಅಚ್ಚಾಗುತ್ತವೆ. ಕಂಪ್ಯೂಟರಿನ ಪಠ್ಯವೂ ಅವುಗಳಲ್ಲಿ ಒಂದು. ಎಂದರೆ, ಗಣಕವಿದ್ಯೆಯನ್ನು ಕನ್ನಡದಲ್ಲಿ ಶಾಲೆಯ ಮಕ್ಕಳಿಗೆ ಕಲಿಸಲಾದೀತೇ ಎಂಬ ಪ್ರಶ್ನೆಗೆ ಗಡಿಯಾಚೆಯ ಕನ್ನಡ ಮಕ್ಕಳು ವರ್ಷವರ್ಷವೂ ಪಾಠ ಓದಿ ಉತ್ತರ ಹೇಳುತ್ತಿದ್ದಾರೆ. ಕರ್ನಾಟಕದಲ್ಲಾದರೋ ಪ್ರೌಢಶಾಲೆಯಲ್ಲಿ ಗಣಕವಿಜ್ಞಾನವು ಎಲ್ಲರೂ ಕಲಿಯುವ ವಿಷಯವಾಗಿಲ್ಲ. ಪದವಿಪೂರ್ವ ತರಗತಿಯಲ್ಲಿ ಅದು ಎದುರಾಗುವಾಗ ಇಂಗ್ಲಿಷಿನ ಉಡುಪಿನಲ್ಲಿ ಬರುತ್ತದೆ. ಹತ್ತು ವರ್ಷ ಕನ್ನಡದಲ್ಲಿ ಆಲೋಚಿಸಿ ಬಂದ ಮಗು ವಿಷಯಕ್ಕೆ ಹೆದರಿತೋ, ಭಾಷೆಗೆ ಹೆದರಿತೋ ಎಂದು ಯಾರೂ ವಿಚಾರಿಸುವುದಿಲ್ಲ. ‘ಇದು ನಿನ್ನ ತಲೆಗೆ ಹತ್ತುವುದಲ್ಲ’ ಎಂಬ ತೀರ್ಪು ಮಾತ್ರ ಅದರ ಹಣೆಯ ಮೇಲೆ ಉಳಿಯುತ್ತದೆ.

ಕನ್ನಡದಲ್ಲಿ ಪದಗಳಿಲ್ಲವೆಂಬ ಆಕ್ಷೇಪ ಹೊಸದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಮಾಸಪತ್ರಿಕೆಯನ್ನು ತೊಡಗಿದಾಗಲೂ ಪದಗಳು ಸಿದ್ಧವಾಗಿ ಕಾದು ಕುಳಿತಿರಲಿಲ್ಲ. ಬರೆಯುತ್ತ ಬರೆಯುತ್ತ ಹುಟ್ಟಿದವು. ಅದಕ್ಕೂ ಎಷ್ಟೋ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದನು. ಶಾಸ್ತ್ರಕ್ಕೆ ಸಂಸ್ಕೃತವೇ ಸರಿಯೆಂದು ಅವನು ಕೈಕಟ್ಟಿ ಕೂರಲಿಲ್ಲ. ಇಂದಿನ ಅನುಕೂಲಗಳಾದರೂ ಎಷ್ಟೋ ಹೆಚ್ಚು. ಯುನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೂ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಕನ್ನಡದ ಬರವಣಿಗೆಯನ್ನು ಸುಗಮಗೊಳಿಸಿದವು. ಇನ್ನು ಯಂತ್ರಕ್ಕೆ ಆಜ್ಞೆ ಬರೆಯುವ ಭಾಷೆಗಳು: ಶಾಲೆಗಳಲ್ಲಿ ಇಂದು ಹೆಚ್ಚಾಗಿ ಕಲಿಸುವ ಪೈಥಾನಿನಲ್ಲಿ ಮೀಸಲಾದ ಪದಗಳು ಮೂವತ್ತೈದರಷ್ಟು ಮಾತ್ರ. ಕ್ರಿಕೆಟಿನ ಮಾತುಗಳನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡಿರುವ ನಮ್ಮ ಹುಡುಗನಿಗೆ ಮೂವತ್ತೈದು ಇಂಗ್ಲಿಷ್ ಪದಗಳು ಭಾರವಾಗಲಾರವು. ಅವುಗಳ ಹಿಂದಿರುವ ವಿಚಾರವನ್ನು ಅವನ ಭಾಷೆಯಲ್ಲಿ ಬಿಡಿಸಿಹೇಳುವವರು ಬೇಕು.

ಯಂತ್ರಗಳೇ ಇಲ್ಲದ, ಇದ್ದರೂ ವಿದ್ಯುತ್ತು ನಿಲ್ಲದ ಶಾಲೆಗಳ ಗತಿಯೇನೆಂದು ಕೇಳಬಹುದು. ಯಂತ್ರ ಬೇಡವೆಂದು ಯಾರೂ ಹೇಳಲಾರರು; ಬಡ ಶಾಲೆಗೆ ಅದನ್ನು ಒದಗಿಸುವುದು ಸರಕಾರದ ಕರ್ತವ್ಯ. ಆದರೆ ಯಂತ್ರ ಬರುವ ತನಕ ಪಾಠ ಕಾಯಬೇಕಾಗಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾನಿಲಯದ ಟಿಮ್ ಬೆಲ್ ಮತ್ತು ಅವರ ಸಂಗಡಿಗರು ೧೯೯೦ರ ದಶಕದಲ್ಲಿಯೇ ಕಂಪ್ಯೂಟರಿಲ್ಲದೆ ಗಣಕವಿಜ್ಞಾನವನ್ನು ಕಲಿಸುವ ಆಟಗಳನ್ನು ರೂಪಿಸಿದರು. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಚುಕ್ಕೆಗಳ ಐದು ರಟ್ಟುಗಳನ್ನು ಐವರು ಮಕ್ಕಳು ಹಿಡಿದು ನಿಲ್ಲುತ್ತಾರೆ. ಬೇಕಾದ ರಟ್ಟನ್ನು ತೋರಿಸಿ, ಬೇಡದುದನ್ನು ಮರೆಸಿ, ಸೊನ್ನೆಯಿಂದ ಮೂವತ್ತೊಂದರವರೆಗಿನ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ಐದಕ್ಷರದ ಪ್ರಸ್ತಾರದ ಮೂವತ್ತೆರಡು ರೂಪಗಳೇ ಇಲ್ಲಿ ಅಂಗಳದಲ್ಲಿ ಎದ್ದು ನಿಂತಿವೆ! ಹಳೆಯ ಲಗ್ನಪತ್ರಿಕೆಯ ರಟ್ಟು ಈ ಪಾಠಕ್ಕೆ ಸಾಕು.

ಯಂತ್ರವೇ ಈಗ ಕೇಳಿದ ಪ್ರೋಗ್ರಾಮನ್ನು ಬರೆದುಕೊಡುತ್ತಿರುವಾಗ ಮಕ್ಕಳು ಕಲಿಯುವುದೇಕೆ ಎನ್ನುವವರೂ ಇದ್ದಾರೆ. ಅಚ್ಚಾದ ಪುಸ್ತಕಗಳು ಅಗ್ಗವಾದುವೆಂದು ನಾವು ಬರವಣಿಗೆಯ ಪಾಠವನ್ನು ನಿಲ್ಲಿಸಲಿಲ್ಲ. ಯಂತ್ರ ಕೊಟ್ಟ ಉತ್ತರ ಸರಿಯೇ ತಪ್ಪೇ ಎಂದು ತೂಗುವವನು ಮನುಷ್ಯನೇ ಅಲ್ಲವೇ? ಪಡಿತರದ ಪಟ್ಟಿಯಿಂದ ಒಂದು ಮನೆಯ ಹೆಸರು ಬಿಟ್ಟುಹೋದಾಗ ‘ಕಂಪ್ಯೂಟರಿನಲ್ಲಿ ಹೀಗೆ ಬಂದಿದೆ’ ಎಂಬ ಮಾತಿಗೆ ತಲೆಬಾಗಿ ಹಿಂದಿರುಗುವವನೂ ಇದ್ದಾನೆ. ‘ಯಾವ ನಿಯಮದಿಂದ ಹೀಗೆ ಬಂದಿತು?’ ಎಂದು ಕೇಳುವವನೂ ಇದ್ದಾನೆ. ನಮ್ಮ ಶಾಲೆಗಳು ಎರಡನೆಯವನನ್ನು ಬೆಳೆಸಬೇಕು. ಎಲ್ಲ ಮಕ್ಕಳೂ ಎಂಜಿನಿಯರುಗಳಾಗಬೇಕೆಂದಲ್ಲ. ವ್ಯಾಕರಣ ಕಲಿತವರೆಲ್ಲ ಕವಿಗಳಾದರೇ?

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತಕ್ಕೂ ಮುಂಚೆಯೇ, ನಡುವಣ ತರಗತಿಗಳಲ್ಲಿ, ಪ್ರೋಗ್ರಾಮು ಬರೆಯುವ ಚಟುವಟಿಕೆ ತೊಡಗಬೇಕೆಂದು ಹೇಳಿತು. ನೀತಿಗಳು ಬರುತ್ತವೆ, ಬದಲಾಗುತ್ತವೆ. ಮಗುವಿನ ಮುಂದೆ ಕೊನೆಗೆ ನಿಲ್ಲುವವರು ಅಧ್ಯಾಪಕರು. ಅವರಿಗೆ ಬಿಡುವಿತ್ತು ತರಬೇತಿ ಕೊಡುವುದು, ಅವರ ಕೈಗೆ ತಿಳಿಗನ್ನಡದ ಪುಸ್ತಕಗಳನ್ನು ಕೊಡುವುದು, ಯಂತ್ರದ ಕೋಣೆಗೆ ಬೀಗ ಜಡಿಯದಿರುವುದು, ಹೆಣ್ಣುಮಕ್ಕಳನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಕರೆಯುವುದು, ಇಷ್ಟಾದರೆ ದಾರಿ ಅರ್ಧ ಸವೆದಂತೆ. ಉಳಿದರ್ಧದಲ್ಲಿ ಕನ್ನಡದ ಅಧ್ಯಾಪಕರಾದ ನಮ್ಮ ಪಾಲೂ ಇದೆ. ಪ್ರಸ್ತಾರವನ್ನು ಅಂಕಗಳಿಗಾಗಿ ಕಲಿಸುವ ಬದಲು ಆಲೋಚನೆಗಾಗಿ ಕಲಿಸೋಣ. ಪಕ್ಕದ ಕೋಣೆಯ ಗಣಿತದ ಮೇಷ್ಟರನ್ನೂ ಕರೆಯೋಣ. ಆ ಬಾಗಿಲನ್ನು ಒಳಗಿನಿಂದ ತೆರೆಯಬಲ್ಲವರು ನಾವೇ.