ಐದು ವ್ಯಾಟಿನ ಪೆಟ್ಟಿಗೆ, ಬೆಂಗಳೂರಿನ ತನಕ ಮಾತು!

ಹಾರೂಗೇರಿ: ಝೀರೋ ಬಲ್ಬು ಎಲ್ಲರ ಮನೆಯಲ್ಲೂ ಉರಿದದ್ದೇ. ಹೆಸರಿಗೆ ಝೀರೋ, ತಿನ್ನುವುದು ಮಾತ್ರ ಹದಿನೈದು ವ್ಯಾಟು. ಅದರ ಮೂರರಲ್ಲಿ ಒಂದು ಪಾಲು, ಅಂದರೆ ಬರೀ 5 ವ್ಯಾಟಿನಲ್ಲಿ ಹಾರೂಗೇರಿಯಲ್ಲಿ ಕೂತು ಬೆಂಗಳೂರಿನವರ ಜೊತೆ ಮಾತಾಡಬಹುದು ಅಂದರೆ ನಂಬುತ್ತೀರಾ? ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ಬೇಕಾದದ್ದು ಒಂದು ಮೋಟರ್‌ಸೈಕಲ್ ಬ್ಯಾಟರಿ, ಇಪ್ಪತ್ತು ಮೀಟರ್ ತಂತಿ, ಕೈಯಾರೆ ಜೋಡಿಸಿದ ಒಂದು ಪೆಟ್ಟಿಗೆ. ಜೊತೆಗೆ ಸರಕಾರದ ಲೈಸನ್ಸು.

ಮಾಟವೂ ಅಲ್ಲ, ಮಂತ್ರವೂ ಅಲ್ಲ. ಇದು ಹ್ಯಾಮ್ ರೇಡಿಯೋ. ಮನೆಯ ರೇಡಿಯೋ ಬರೀ ಕೇಳಿಸುತ್ತದೆ, ನಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ. ಹ್ಯಾಮ್ ಸೆಟ್ಟು ಎರಡನ್ನೂ ಮಾಡುತ್ತದೆ. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಆ ಕಡೆಯವರ ಮಾತು ಬರುತ್ತದೆ.

ಮನೆಯಿಂದ ಪ್ರಸಾರ ಮಾಡುವ ಹುಚ್ಚು ಕನ್ನಡಿಗರಿಗೆ ಹೊಸದೇನಲ್ಲ. 1935ರಲ್ಲಿ ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರು ಬಂತು.

ನಳದ ವಾಷರಿನ ಕಾಯಿಲ್

ಹೊರದೇಶದ ಹ್ಯಾಮ್ ಸೆಟ್ಟು ಕೊಳ್ಳುವುದು ಬಡವರ ಮಾತಲ್ಲ. ಈ ಗೋಳಿಗೆ ಮದ್ದು ಹುಡುಕಿದವರು ಹೈದರಾಬಾದಿನ ಅಶ್ಹರ್ ಫರ್ಹಾನ್. ಹ್ಯಾಮ್ ಲೋಕದಲ್ಲಿ ಅವರ ಕಾಲ್‌ಸೈನ್ ವಿಯು2ಇಎಸ್‌ಇ. 2003ರ ಸುಮಾರಿಗೆ ಅವರು 'ಬಿಟ್‌ಎಕ್ಸ್' ಎಂಬ 6 ವ್ಯಾಟಿನ ಸೆಟ್ಟಿನ ನಕ್ಷೆಯನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟರು. ರೇಡಿಯೋ, ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವಂಥ ಸಾದಾ ಟ್ರಾನ್ಸಿಸ್ಟರ್‌ಗಳೇ ಅದರ ಜೀವ. ಕಾಯಿಲ್ ಸುತ್ತಲು ವಿದೇಶದ ಬಳೆ ಸಿಗದಿದ್ದರೆ ನೀರಿನ ನಳಕ್ಕೆ ಹಾಕುವ ವಾಷರ್ ಸಾಕು ಅಂದರು. ಆ ನಕ್ಷೆ ನೋಡಿ ಹೊರದೇಶದವರೂ ಸೆಟ್ಟು ಕಟ್ಟಿದರು.

ಜಾಣತನ ಇರುವುದು ಎಲ್ಲಿ? ಒಂಟಿ ಹಳಿಯ ಮೇಲೆ ಹೋಗುವ ರೈಲೂ ಬರುವ ರೈಲೂ ಓಡುವಂತೆ, ಈ ಸೆಟ್ಟಿನಲ್ಲಿ ಹೋಗುವ ಮಾತಿಗೂ ಬರುವ ಮಾತಿಗೂ ಹೆಚ್ಚುಕಡಿಮೆ ಒಂದೇ ದಾರಿ. ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ.

ಇಷ್ಟು ಸಣ್ಣ ಶಕ್ತಿ ಅಷ್ಟು ದೂರ ಹೋಗುವುದು ಹೇಗೆ? ಮೀಡಿಯಂ ವೇವ್ ನಿಲಯದ ಶಕ್ತಿಯಲ್ಲಿ ಬಹುಪಾಲು ಮಾತು ಹೊರುವ ಗಾಡಿಗೇ ಖರ್ಚು. ಈ ಸೆಟ್ಟು ಗಾಡಿಯನ್ನು ಬಿಟ್ಟು ಸರಕನ್ನಷ್ಟೇ ಕಳಿಸುತ್ತದೆ. ನಾಲ್ಕು ಕ್ರಿಸ್ಟಲ್‌ಗಳ ಜರಡಿ ಬೇಡದ್ದನ್ನೆಲ್ಲ ಸೋಸಿಬಿಡುತ್ತದೆ. ಆಮೇಲಿನ ಕೆಲಸ ಆಕಾಶದ್ದು. 7 ಮೆಗಾಹರ್ಟ್ಸಿನ ಅಲೆ ಮೇಲಕ್ಕೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಪದರಕ್ಕೆ ಬಡಿದು ಕೆಳಗೆ ಬರುತ್ತದೆ. ನಡುವೆ ಗುಡ್ಡ ಇರಲಿ, ಹೊಳೆ ಇರಲಿ, ಅದಕ್ಕೆ ಲೆಕ್ಕವಿಲ್ಲ.

ಜೋಡಿಸುವ ಕ್ರಮ

ಮೊದಲು ಕೇಳುವ ಭಾಗ ಕಟ್ಟಬೇಕು. ಸ್ಪೀಕರಿನಲ್ಲಿ ದನಿ ಬಂದ ಮೇಲೆ ಮಾತು ಕಳಿಸುವ ಭಾಗ. ಅವಸರ ಮಾಡಿ ಅಂಟೆನಾ ಸಿಕ್ಕಿಸಬಾರದು. 1 ಕಿಲೋ ಓಮಿನ, ಅರ್ಧ ವ್ಯಾಟಿನ ಇಪ್ಪತ್ತು ರೆಸಿಸ್ಟರ್‌ಗಳನ್ನು ಪ್ಯಾರಲೆಲ್ ಆಗಿ ಬೆಸೆದರೆ 50 ಓಮ್ ಆಗುತ್ತದೆ. ಸೆಟ್ಟಿನ ಪರೀಕ್ಷೆ ಮೊದಲು ಅದರ ಮೇಲೆ. ಇಲ್ಲದಿದ್ದರೆ ಕೊನೆಯ ಟ್ರಾನ್ಸಿಸ್ಟರ್ 'ಟಪ್' ಅನ್ನುವ ಅಪಾಯ. ಅಂಟೆನಾ ಅಂದರೆ ತಲಾ ಹತ್ತು ಮೀಟರಿನ ಎರಡು ತಂತಿ, ನಡುವೆ ಕೇಬಲ್. ಮಾಳಿಗೆಯಿಂದ ಬೇವಿನ ಮರಕ್ಕೆ ಕಟ್ಟಿದರೂ ನಡೆಯುತ್ತದೆ. ಕರೆಂಟಿನ ತಂತಿಯಿಂದ ಮಾತ್ರ ದೂರ ಇರಬೇಕು.

'ಮೊಬೈಲ್ ಇರೋವಾಗ ಇದ್ಯಾಕ್ ಬೇಕ್ರೀ?'

ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಪ್ರಶ್ನೆ ಇದೇ. ಉತ್ತರ ಬೇಕಾದರೆ 2019ರ ಆಗಸ್ಟ್ ನೆನೆಸಿಕೊಳ್ಳಬೇಕು. ಕೃಷ್ಣೆ ಉಕ್ಕಿದಳು, ಕುಡಚಿ ಸೇತುವೆ ಮುಳುಗಿತು. ಆಚೆ ಉಗಾರದ ಮಂದಿ ಆಚೆಗೆ, ಈಚೆ ರಾಯಬಾಗದ ಮಂದಿ ಈಚೆಗೆ. ಮೊಬೈಲ್ ಟವರ್ ಕೂಡ ಕರೆಂಟಿನ ಕೂಸು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ಇಳಿದರೆ ಡೀಸೆಲ್. ಡೀಸೆಲ್ ಒಯ್ಯುವ ರಸ್ತೆಯೇ ನೀರಿನಲ್ಲಿದ್ದರೆ ಕೈಯಲ್ಲಿನ ಫೋನು ಬರೀ ಗಡಿಯಾರ.

2004ರ ಡಿಸೆಂಬರ್ 26ರಂದು ಸುನಾಮಿ ಬಡಿದಾಗ ಅಂಡಮಾನಿನಲ್ಲಿ ಇದೇ ಆಯಿತು. ದೂರದೇಶದವರ ಜೊತೆ ಮಾತಾಡಲೆಂದು ಪೋರ್ಟ್‌ಬ್ಲೇರಿಗೆ ಸೆಟ್ಟು ಒಯ್ದಿದ್ದ ಭಾರತಿ ಪ್ರಸಾದ್ ಮತ್ತು ಜೊತೆಯ ಹ್ಯಾಮ್‌ಗಳು, ಟೆಲಿಫೋನು ಸತ್ತಾಗ ಬದುಕಿದವರ ಸುದ್ದಿಯನ್ನು ನೆಲದ ನಾಡಿಗೆ ಮುಟ್ಟಿಸಿದರು. ಅವರ ಸೆಟ್ಟುಗಳು ಕಂಪನಿಯವು, ಶಕ್ತಿಯೂ ಹೆಚ್ಚು. ಆದರೆ ದಾರಿ ಅದೇ, ಆಕಾಶದ್ದು.

ವ್ಯಾಪಾರಕ್ಕೆ ನಡೆಯದು

ಹಾಗಾದರೆ ಸಾಂಗಲಿ ಪೇಟೆಯ ಅರಿಷಿಣದ ದರ ಕೇಳಬಹುದೇನು? ಬಿಲ್‌ಕುಲ್ ಇಲ್ಲ. ಹ್ಯಾಮ್ ರೇಡಿಯೋದಲ್ಲಿ ವ್ಯಾಪಾರದ ಮಾತು ನಿಷಿದ್ಧ, ಸಿನೆಮಾ ಹಾಡು ಹಾಕುವಂತಿಲ್ಲ. ಗುಟ್ಟೂ ನಡೆಯದು, ಯಾರು ಬೇಕಾದರೂ ಕೇಳಬಹುದು.

ಐದು ವ್ಯಾಟು ಪವಾಡವನ್ನೂ ಮಾಡುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರುಗಳ ಗೊರಗೊರ ಸದ್ದಿನಲ್ಲಿ ಸಣ್ಣ ದನಿ ಮುಚ್ಚಿಹೋಗುತ್ತದೆ. ಹಗಲು ಸಿಕ್ಕ ಊರು ರಾತ್ರಿ ಸಿಗದಿರಬಹುದು, ಯಾಕೆಂದರೆ ಹೊತ್ತು ಇಳಿದ ಹಾಗೆ ಆಕಾಶದ ಪದರವೂ ಬದಲಾಗುತ್ತದೆ. ಹತ್ತು ಸಲ ಕೂಗಿ ಒಂದು ಸಲ ಉತ್ತರ ಪಡೆಯುವ ತಾಳ್ಮೆ ಇದ್ದವರಿಗೆ ಮಾತ್ರ ಈ ಹವ್ಯಾಸ.

ಲೈಸನ್ಸ್ ಇಲ್ಲದೆ ಪ್ರಸಾರ ಮಾಡಿದರೆ ಅಪರಾಧ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದ ಮಕ್ಕಳೂ ಕೂರಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಕಟ್ಟುವ ಕಾಟ ಇಲ್ಲ. ರೇಡಿಯೋದ ಪ್ರಾಥಮಿಕ ತಿಳಿವಳಿಕೆ ಮತ್ತು ನಿಯಮ, ಇವೆರಡೇ.

ಅಂದರೆ ಕೊರತೆ ಹಣದ್ದಲ್ಲ. ಮೊಬೈಲಿನ ಸಣ್ಣ ಚಿಪ್ಪನ್ನೇ ಬೆಸೆಯುವ ಹುಡುಗರು ಬಸ್‌ಸ್ಟ್ಯಾಂಡಿನ ಸುತ್ತ ಇದ್ದಾರೆ. ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ಜೋಡಿಸಿದ ಹಿರಿಯರು ಇನ್ನೂ ಊರೂರಲ್ಲಿದ್ದಾರೆ. ಐಟಿಐ ಮಾಸ್ತರರು ಮನಸ್ಸು ಮಾಡಿದರೆ ಈ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬಹುದು. ಹೊಳೆಯ ಈ ದಂಡೆಗೆ ಇಬ್ಬರು, ಆ ದಂಡೆಗೆ ಇಬ್ಬರು ಲೈಸನ್ಸುದಾರರು ಇದ್ದರೂ ಮಳೆಗಾಲದಲ್ಲಿ ತಹಶೀಲ್ದಾರರಿಗೆ ಒಂದು ಕಿವಿ ಹೆಚ್ಚಾದ ಹಾಗೆ.

ಆದರೆ ಒಂದು ಮಾತು. ಪರೀಕ್ಷೆ, ಲೈಸನ್ಸು, ಕಾಲ್‌ಸೈನ್ ಎಲ್ಲಕ್ಕೂ ಸಮಯ ಹಿಡಿಯುತ್ತದೆ. ಹೊಳೆ ಏರಿದ ಮೇಲೆ ಕಾಯಿಲ್ ಸುತ್ತಲು ಕೂತರೆ ಪ್ರಯೋಜನವಿಲ್ಲ. ಶುರು ಮಾಡುವವರು ಬೇಸಿಗೆಯಲ್ಲೇ ಶುರು ಮಾಡಬೇಕು.