ಹಿಂಜರಿತದಲ್ಲಿ ಕೈಹಿಡಿದ ಊರು

2008ರ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಮುಳುಗಿದಾಗ ಪುಣೆ, ಹೈದರಾಬಾದಿನ ಐಟಿ ಕಚೇರಿಗಳಲ್ಲಿದ್ದ ನಮ್ಮವರಿಗೆ ಕೆಲಸ ಉಳಿದೀತೇ ಎಂಬ ಚಿಂತೆ. ಮುಂದೆ ರಫ್ತೂ ಕುಸಿಯಿತು. ಆದರೂ ಅಂದಿನ ಲೆಕ್ಕದಂತೆ 2008-09ರಲ್ಲಿ ಭಾರತ ಶೇ 6.7ರಷ್ಟು ಬೆಳೆಯಿತು.

ಹೇಗೆ? ಊರಿನ ಸಂತೆ ನಿಲ್ಲಲಿಲ್ಲ. ಉದ್ಯೋಗ ಖಾತರಿ ಯೋಜನೆ ಆ ಏಪ್ರಿಲ್‌ನಿಂದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವಿಸ್ತರಿಸಿತ್ತು. ಕೃಷಿ ಸಾಲ ಮನ್ನಾ ಆಗಿತ್ತು, ಆರನೇ ವೇತನ ಆಯೋಗದಿಂದ ಕೇಂದ್ರ ನೌಕರರ ಸಂಬಳ ಏರಿತ್ತು. ಶೇ 9ರಷ್ಟಿದ್ದ ರೆಪೊ ದರವನ್ನು ಆರ್‌ಬಿಐ 2009ರ ಏಪ್ರಿಲ್ ಹೊತ್ತಿಗೆ ಶೇ 4.75ಕ್ಕೆ ಇಳಿಸಿತು.

ಇದೇನೂ ಪುಕ್ಕಟೆ ಬರಲಿಲ್ಲ. ವಿತ್ತೀಯ ಕೊರತೆ ಜಿಡಿಪಿಯ ಶೇ 2.5ರಿಂದ ಶೇ 6ರ ಆಸುಪಾಸಿಗೆ ಏರಿತು. ಮರುವರ್ಷ ಆಹಾರ ಪದಾರ್ಥಗಳ ಬೆಲೆಯೂ ಗಗನಕ್ಕೇರಿತು.

ಊರಿಗೆ ಹಣ ಕಳಿಸುವ ನಾವು, ಊರನ್ನು ಸಾಕುವವರು ನಾವೇ ಎಂದುಕೊಳ್ಳುತ್ತೇವೆ. ಆ ವರ್ಷ ದೇಶವನ್ನೂ ನಮ್ಮನ್ನೂ ಬೀಳದಂತೆ ಹಿಡಿದದ್ದರಲ್ಲಿ ಊರಿನವರ ಖರೀದಿಯ ಪಾಲೂ ದೊಡ್ಡದು.