ಬ್ಯಾಸಗಿ ಕೊನೆಗೆ ಕೆರೆಯ ಮೀನು

ಹಿರೇಬೆಂಡಿಗೇರಿ ಕಡೆ ಮೇ ತಿಂಗಳೆಂದರೆ ಕೆರೆಯ ನೀರು ಇಳಿಯುವ ಕಾಲ. ನಸುಕಿನಲ್ಲಿ ಬಟ್ಟೆ ಒಗೆಯಲು ಹೋದ ಅತ್ತೆ ಸೊಸೆ ನೀರು ನೋಡುತ್ತಾ ನಿಂತರು ಅಂತ ತಿಳಿಯಿರಿ.

“ಅತ್ತಿ, ಮೀನ ಎಲ್ಲಾ ಮ್ಯಾಲ ಬಂದು ಬಾಯಿ ತೆಗ್ಯಾಕ ಹತ್ತ್ಯಾವಲ್ರೀ. ಹಸಿದಾವೇನು?”

“ಹಸಿದಿಲ್ಲವ್ವಾ. ಅವಕ್ಕ ಉಸಿರಾಡಾಕ ಆಗವಲ್ದು.”

ಅತ್ತೆ ಹೇಳಿದ್ದು ಖರೆ. ನಮ್ಮ ಹಾಗೆ ಮೀನಿಗೂ ಆಮ್ಲಜನಕ ಬೇಕು. ಅದು ನೀರಿನಲ್ಲಿ ಕರಗಿರುತ್ತದೆ. ಮೀನು ಅದನ್ನು ಕಿವಿರಿನಿಂದ ಎಳೆದುಕೊಳ್ಳುತ್ತದೆ. 20 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ಬಿಸಿ 30 ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಂ ಮಾತ್ರ. ನೀರಿನ ಹಸಿರು ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ತಾನೇ ಅದನ್ನು ಬಳಸುತ್ತದೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ನೀರಿನಲ್ಲಿ ಉಸಿರು ತೀರಾ ಕಡಿಮೆ. ಹಿಂದಿನ ದಿನ ಮೋಡ ಕವಿದಿದ್ದರೆ ಇನ್ನೂ ಕಡಿಮೆ. ಒಂದೇ ರಾತ್ರಿಯಲ್ಲಿ ರಾಶಿ ಮೀನು ಸತ್ತು ತೇಲಬಹುದು. ಕೆರೆ ಗುತ್ತಿಗೆ ಹಿಡಿದವರ ವರ್ಷದ ದುಡಿಮೆ ಹೋಯಿತು!

ಮುರುಗೋಡು, ಚೇಳು ಮೀನು ಮೇಲೆ ಬಂದರೆ ಹೆದರಬೇಡಿ. ಅವು ಯಾವಾಗಲೂ ಮೇಲಿನ ಗಾಳಿ ಕುಡಿಯುತ್ತವೆ. (ಚೇಳು ಮೀನಿನ ಮುಳ್ಳು ಚುಚ್ಚಿದರೆ ಬಹಳ ಉರಿ. ತಾಳುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ.) ಕಾಟ್ಲಾ, ರೋಹು ಬಾಯಿ ತೆರೆದರೆ ಮಾತ್ರ ಅಪಾಯ. ಆಗ ಬಲೆ ಎಳೆದು ಕೆಸರು ಕದಡಬಾರದು. ಪಂಪಿನಿಂದ ನೀರು ಎತ್ತರದಿಂದ ಬೀಳಿಸಿದರೆ ಅದಕ್ಕೆ ಗಾಳಿ ಸೇರುತ್ತದೆ. ಆದರೆ ದೊಡ್ಡ ಕೆರೆಗೆ ಎಷ್ಟು ಪಂಪು ಸಾಕು? ಅದಕ್ಕೇ ಬೆಳೆದ ಮೀನನ್ನು ಮೊದಲೇ ಹಿಡಿದು ಮಾರುವುದು ಜಾಣತನ. ಉಳಿದ ಮೀನಿಗೂ ಉಸಿರು ಸಿಗುತ್ತದೆ.

ಎಲ್ಲಿ ಹಿಡಿಯಬೇಕು? ನಮ್ಮ ಹಾವೇರಿ ಜಿಲ್ಲೆಯ ಮದಗ ಮಾಸೂರು ಕೆರೆಯನ್ನೇ ನೋಡಿ. ವಿಜಯನಗರದ ಕಾಲದಲ್ಲಿ ಗುಡ್ಡಗಳ ನಡುವೆ ಕುಮುದ್ವತಿ ಹೊಳೆಗೆ ಏರಿ ಹಾಕಿ ಕಟ್ಟಿದ ಕೆರೆ ಅದು. ಇಂಥ ಕೆರೆಗಳಲ್ಲಿ ಏರಿಯ ಕಡೆ ಆಳ. ನೀರು ಒಳಗೆ ಬರುವ ಕಡೆ ತೆಳುವು. ಮಧ್ಯಾಹ್ನ ಮೀನು ಆಳಕ್ಕೆ ಹೋಗುತ್ತದೆ. ಸಂಜೆ ಮೇವಿಗೆ ದಂಡೆಯತ್ತ ಬರುತ್ತದೆ. ಆಳ ಮತ್ತು ತೆಳುವು ಕೂಡುವಲ್ಲಿ ಸಂಜೆ ಬಲೆ ನಿಲ್ಲಿಸಬೇಕು. ಬಲೆ ತಳಕ್ಕೆ ಮುಟ್ಟಬಾರದು. ಕೆಸರು ಕೊಳೆತ ತಳದಲ್ಲಿ ಉಸಿರಿಲ್ಲ, ಮೀನೂ ಇಲ್ಲ. ಬಿಸಿಲೇರುವ ಮೊದಲೇ ಬಲೆ ಎತ್ತಬೇಕು. ಬಿಸಿ ನೀರಿನಲ್ಲಿ ಸತ್ತ ಮೀನು ಬೇಗ ಕೆಡುತ್ತದೆ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿಗಳು ಪಾರಾಗುತ್ತವೆ.

ಸೊರಬ, ಸಾಗರದ ಕಡೆ ಕೆರೆಬೇಟೆ ಅಂತ ಮಾಡುತ್ತಾರೆ. ನೀರು ತಗ್ಗಿದಾಗ ಊರಿನವರೆಲ್ಲ ಒಂದೇ ದಿನ ಕೆರೆಗೆ ಇಳಿಯುತ್ತಾರೆ. ಕೂಣಿ ಎಂಬ ಬಿದಿರಿನ ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಯಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ನೋಡಲು ಜಾತ್ರೆಯೇ! ಸಿಡಿಮದ್ದು, ವಿಷ ಹಾಕಿ ಹಿಡಿಯುವುದು ಮಾತ್ರ ಅಪರಾಧ. 1897ರ ಕಾನೂನೇ ಅದನ್ನು ತಡೆದಿದೆ.

ಮೊದಲ ಮಳೆಗೆ ಹಳ್ಳದಲ್ಲಿ ಮೀನು ನೀರಿಗೆ ಎದುರಾಗಿ ಹತ್ತುತ್ತವೆ. ಸುಲಭವಾಗಿ ಕೈಗೆ ಸಿಗುತ್ತವೆ. ಆದರೆ ಅವು ತತ್ತಿ ಇಡಲು ಹೊರಟ ಬಸುರಿಯರು. ಅವನ್ನು ಬಿಟ್ಟುಬಿಡಿ.

ಬಲೆ ಹಾಕುವವರು ಹೆಚ್ಚಾಗಿ ಗಂಡಸರು. ಬುಟ್ಟಿ ಹೊತ್ತು ಮಾರುವವರು ಬಹಳ ಕಡೆ ನಾವೇ. ಕೆಟ್ಟ ಮೀನಿಗೆ ಬೈಗುಳ ತಿನ್ನುವವರೂ ನಾವೇ. ಆದ್ದರಿಂದ ದಂಡೆಯಲ್ಲೇ ನೋಡಿ ತೆಗೆದುಕೊಳ್ಳಿ. ಕಿವಿರು ಕೆಂಪಗಿರಬೇಕು. ಕಣ್ಣು ಹೊಳೆಯಬೇಕು. ಬೆರಳಿನಿಂದ ಒತ್ತಿದರೆ ತಗ್ಗು ಉಳಿಯಬಾರದು. ಸತ್ತು ತೇಲಿದ ಮೀನು ಪುಗಸಟ್ಟೆ ಸಿಕ್ಕರೂ ಬೇಡ. ಒಂದು ಕಿಲೋ ಮೀನಿಗೆ ಒಂದು ಕಿಲೋ ಬರ್ಫ ಹಾಕಿ. ಬರ್ಫ ಇಲ್ಲದಿದ್ದರೆ ತೊಯ್ಸಿದ ಗೋಣಿತಟ್ಟು ಹೊದಿಸಿ. ನೆರಳಿನಲ್ಲಿಡಿ, ಹೊತ್ತೇರುವುದರೊಳಗೆ ಮಾರಿ ಮುಗಿಸಿ.